ಬಿಳಿ ಅಕ್ಕಿಕಾಳು

"ಕಾರ್ಡ್ ಹಾಕಿಸ್ತೀರೇನ್ರಿ, ಹಂಗ ನಡಸ್ತೀರೇನ್ರಿ?" ಎಂದು ಕಂಪ್ಯೂಟರ್ ಅಂಗಡಿಯವನು ಕೇಳಿದಾಗ ನನಗೆ ಸಿಟ್ಟು ಬಂತು. ನಾನು ಕೇಳಲು ಹೋದದ್ದು ಒಂದೇ ಮಾತು: ಮದುವೆಯ ವಿಡಿಯೊ ಎಡಿಟ್ ಮಾಡಲು ಈಗ ಯಾವ ಸಾಫ್ಟ್‌ವೇರ್ ಒಳ್ಳೆಯದು? ಅದಕ್ಕೆ ಉತ್ತರ ಹೇಳುವುದು ಬಿಟ್ಟು ಅವನು ನನಗೇ ಪ್ರಶ್ನೆ ಹಾಕುತ್ತಿದ್ದ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಯಲ್ಲಿದ್ದ ಹಳೆಯ ಸಾಫ್ಟ್‌ವೇರ್ ಹೊಸ ಕ್ಯಾಮೆರಾದ ಭಾರ ತಡೆಯುವುದಿಲ್ಲ. ಇನ್ನೊಂದು ಇದೆ, ತಿಂಗಳಿಗೊಮ್ಮೆ ಬಾಡಿಗೆ ಕೇಳುತ್ತದೆ, ಕೊಡದಿದ್ದರೆ ಬೀಗ ಹಾಕಿಕೊಳ್ಳುತ್ತದೆ. ಮತ್ತೊಂದು ಪುಕ್ಕಟೆ, ಬಹಳ ಚೆನ್ನಾಗಿದೆ, ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ತೆವಳುತ್ತದೆ.

"ಈಗ ಎಲ್ಲಾ ಕೆಲಸಾನೂ ಪ್ರೊಸೆಸರ್ ಒಂದ ಮಾಡಾಕತ್ತೈತಿ ಅಕ್ಕಾರ. ಕಾರ್ಡ್ ಹಾಕಿದ್ರ ಚಿತ್ರದ ಕೆಲಸ ಅದು ನೋಡ್ಕೋತೈತಿ. ಹಾರ್ಡ್‌ವೇರ್ ಎಕ್ಸಲರೇಶನ್ ಅಂತಾರ ಅದಕ್ಕ. ಗಾಡಿಗಿ ಎಕ್ಸಲೇಟರ್ ಇದ್ದಂಗ ತಿಳ್ಕೋರಿ. ಇಡೀ ದಿನದ್ದು ಒಂದ ತಾಸಿನ್ಯಾಗ ಮುಗೀತೈತಿ."

"ಮುಗಿಸಿ ಏನ್ ಮಾಡೂದೈತಿ," ಅಂದೆ.

ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಅವನು ನಗಲು ಹೊರಟ. ಆಮೇಲೆ ನೆನಪಾಗಿರಬೇಕು, ಕೈಗೆ ಸಿಕ್ಕ ವೈರನ್ನು ಸುತ್ತುತ್ತ ಕೂತ. ನಮ್ಮವರಿಗೆ ಅವನು ಬಹಳ ವರ್ಷದ ಪರಿಚಯದವನು. ವಿಚಾರ ಮಾಡಿ ಹೇಳುತ್ತೇನೆ ಅಂತ ಎದ್ದು ಬಂದೆ.

ನಮ್ಮವರು ಮದುವೆ ವಿಡಿಯೊ ತೆಗೆಯುತ್ತಿದ್ದರು. ವಿಜಯಪುರದ ಅಥಣಿ ರಸ್ತೆಯ ಬಡಾವಣೆಯೊಂದರಲ್ಲಿ ನಮ್ಮ ಮನೆ. ಮುಂದಿನ ಖೋಲಿಯಲ್ಲಿ ಒಂದು ಗೋಡೆಗೆ ಅವರ ಕಂಪ್ಯೂಟರ್, ಎದುರು ಗೋಡೆಗೆ ನನ್ನ ಹೊಲಿಗೆ ಯಂತ್ರ. ನಾನು ಕುಪ್ಪಸ ಕತ್ತರಿಸುತ್ತಿದ್ದೆ, ಅವರು ಮದುವೆ ಕತ್ತರಿಸುತ್ತಿದ್ದರು. ಯಾವ ದೃಶ್ಯ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯದೆ ಅವರು ಮೌಸ್ ಹಿಡಿದು ತಡಕಾಡುವುದನ್ನು ಬೆನ್ನ ಹಿಂದಿನಿಂದ ನೋಡಿ ನೋಡಿ ನನಗೇ ಬೇಸರವಾಗಿ, "ಅಲ್ಲಿ ಕತ್ತರಸ್ರಿ" ಎನ್ನುತ್ತಿದ್ದೆ. ಒಂದು ದಿನ ಕುರ್ಚಿ ಬಿಟ್ಟು ಎದ್ದರು. "ನಿನ್ನ ಕತ್ತರಿ ಕೈ ಛಲೋ ಐತಿ ಬೇ, ನೀನ ಕೂಡು" ಅಂದರು. ಅವತ್ತಿನಿಂದ ತೆಗೆಯುವುದು ಅವರದು, ಕತ್ತರಿಸುವುದು ನನ್ನದು ಅಂತ ಆಯಿತು. ಜಗಳಕ್ಕೇನೂ ಕೊರತೆ ಇರಲಿಲ್ಲ. ವಧು-ವರರ ಮುಖ ಗುಲಾಬಿ ಹೂವಿನೊಳಗಿಂದ ಅರಳಿ ಬರುವುದು, ಮಾವನ ತಲೆಯ ಸುತ್ತ ನಕ್ಷತ್ರ ತಿರುಗುವುದು, ಇವೆಲ್ಲ ನನಗೆ ಆಗಿಬರುತ್ತಿರಲಿಲ್ಲ. ಮಂದಿಗೆ ಬೇಕಾಗಿರುತ್ತದೆ ಎಂಬುದು ಅವರ ವಾದ.

ತಿಕೋಟಾದ ಮದುವೆಯೇ ಅವರು ತೆಗೆದ ಕೊನೆಯದು. ಅದಾದ ವಾರದೊಳಗೆ ಒಂದು ಬೆಳಿಗ್ಗೆ ಎದೆ ಉರಿಯುತ್ತದೆ ಎಂದು ಮಜ್ಜಿಗೆ ಕೇಳಿದರು. ತರುವಷ್ಟರಲ್ಲಿ ಆ ಕುರ್ಚಿಯಲ್ಲೇ ಒರಗಿದ್ದರು. ಒರಗಿದವರು ಏಳಲಿಲ್ಲ. ಎಡಿಟ್ ಆಗದೆ ಉಳಿದ ಬೇರೆ ಮದುವೆಗಳವರು ಬಂದು, ಬಾಗಿಲಲ್ಲಿ ನಿಂತು ಸಂಕೋಚದಿಂದ ಕೇಳಿ, ತಮ್ಮ ತಮ್ಮ ದೃಶ್ಯಗಳನ್ನು ತುಂಬಿಸಿಕೊಂಡು ಬೇರೆ ಸ್ಟುಡಿಯೊಗಳಿಗೆ ಹೋದರು. ತಿಕೋಟಾದವರು ಮಾತ್ರ ಬರಲಿಲ್ಲ. ಅದನ್ನು ನಾನೇ ಮುಗಿಸುತ್ತೇನೆ ಅಂತ ಕೂತೆ.

ಕೂತ ಮೇಲೆ ಗೊತ್ತಾದದ್ದು, ಅದು ಮುಗಿಸುವ ಕೆಲಸವೇ ಅಲ್ಲ ಅಂತ. ವಿಡಿಯೊ ತೆಗೆಯುವವನು ಚಿತ್ರದಲ್ಲಿ ಇರುವುದಿಲ್ಲ. ಊರ ಮಂದಿಯೆಲ್ಲ ಇರುತ್ತಾರೆ, ಹಂದರದ ಕೆಳಗೆ ಮಲಗಿದ ನಾಯಿ ಕೂಡ ಇರುತ್ತದೆ, ಅವನಿರುವುದಿಲ್ಲ. ಅವನ ಧ್ವನಿ ಮಾತ್ರ ಕ್ಯಾಮೆರಾದ ಬೆನ್ನಿಗೇ ಇರುವುದರಿಂದ ಎಲ್ಲರಿಗಿಂತ ಹತ್ತಿರ, ಎಲ್ಲರಿಗಿಂತ ಸ್ಪಷ್ಟವಾಗಿ ಬಂದಿರುತ್ತದೆ. "ಇಕಡೆ ನೋಡ್ರಿ." "ಗದ್ದ ಸ್ವಲ್ಪ ಮ್ಯಾಲ." "ಮಾವಾರ, ನೀವು ನಕ್ಕರ ಏನೂ ಕಡಿಮ್ಯಾಗೂದಿಲ್ಲ." ಎಡಿಟಿಂಗಿನಲ್ಲಿ ಮೊದಲು ಮಾಡುವ ಕೆಲಸವೇ ಈ ಧ್ವನಿಯನ್ನು ಅಳಿಸಿ ಅದರ ಮೇಲೆ ಹಾಡು ಹಾಕುವುದು. ವರ್ಷಗಟ್ಟಲೆ ಅದನ್ನೇ ಮಾಡಿದ್ದೆ, ಅವರೆದುರಿಗೇ ಅವರ ಬಾಯಿ ಮುಚ್ಚಿಸುತ್ತಿದ್ದೆ, ಅದರಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ಈಗ ಆ ಧ್ವನಿಯ ಮೇಲೆ ಮೌಸಿನ ಬಾಣ ಇಟ್ಟರೆ ಬೆರಳು ಒತ್ತುತ್ತಿರಲಿಲ್ಲ.

ಹಳೆಯ ಕಂಪ್ಯೂಟರ್ ಬೇರೆ ತಡವರಿಸುತ್ತಿತ್ತು. ಆ ಸಲ ಅವರು ಹೊಸ ಕ್ಯಾಮೆರಾದಲ್ಲಿ ತೆಗೆದಿದ್ದರು. ಯಂತ್ರಕ್ಕೆ ಅಷ್ಟು ದೊಡ್ಡ ಚಿತ್ರ ಎಳೆಯಲಾಗದೆ, ಸುರಗಿಯಲ್ಲಿ ಮದುಮಕ್ಕಳಿಗೆ ನೀರು ಹಾಕುವ ಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆದರೆ ಚಿತ್ರ ನಿಂತರೂ ಧ್ವನಿ ನಿಲ್ಲುತ್ತಿರಲಿಲ್ಲ. ಚೊಂಬಿನ ನೀರು ಗಾಳಿಯಲ್ಲೇ ನಿಂತಿದೆ, ಇವರು ಮಾತಾಡುತ್ತಿದ್ದಾರೆ. ಯಾರಿಗೋ ನೀರು ಕೇಳುತ್ತಾರೆ, ಕೆಮ್ಮುತ್ತಾರೆ, ಬಿಸಿಲು ಭಾಳ ಐತಿ ಎನ್ನುತ್ತಾರೆ. ನಾನು ಎದುರು ಗೋಡೆಗೆ ಹೊಲಿಯುತ್ತ ಕೂತು ಕೇಳುತ್ತಿದ್ದೆ. ಸುಖ ಅನ್ನುವುದು ದೊಡ್ಡ ಮಾತು. ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅನಿಸುತ್ತಿತ್ತು.

ಅಕ್ಕಿಕಾಳಿನ ದೃಶ್ಯಕ್ಕೆ ಬಂದರಂತೂ ಯಂತ್ರ ಪೂರಾ ಕೈಚೆಲ್ಲುತ್ತಿತ್ತು. ನಮ್ಮ ಕಡೆ ಮುಹೂರ್ತಕ್ಕೆ ಅಕ್ಕಿಕಾಳು ಎಂದೇ ಹೆಸರು. "ಅಕ್ಕಿಕಾಳ ಎಷ್ಟಕ್ಕ?" ಅಂದರೆ ಮದುವೆ ಎಷ್ಟು ಹೊತ್ತಿಗೆ ಅಂತ. ಹೆಸರಿಗೆ ಮಾತ್ರ ಅಕ್ಕಿ, ಹರಿವಾಣದಲ್ಲಿ ಇರುವುದು ಅರಿಶಿನ ಹಚ್ಚಿದ ಜೋಳ. ಆ ಕಾಳು ಎಲ್ಲ ದಿಕ್ಕಿನಿಂದಲೂ ಹಾರಿ ಬೀಳತೊಡಗುವ ಗಳಿಗೆಯಲ್ಲಿ, ಒಂದೊಂದು ಕಾಳಿನದೂ ಬೇರೆ ಬೇರೆ ದಾರಿ. ಅಷ್ಟನ್ನೂ ತೋರಿಸಲಾಗದೆ ಸಾಫ್ಟ್‌ವೇರ್ ಸ್ತಬ್ಧವಾಗಿ, ತಾನೇ ಮುಚ್ಚಿಕೊಳ್ಳುತ್ತಿತ್ತು. ನಾನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ನನಗೇನೂ ಅವಸರ ಇರಲಿಲ್ಲ. ಮುಗಿದರೆ ಧ್ವನಿಯೂ ಮುಗಿಯುತ್ತದೆ ಎಂದು ಹೆದರಿಕೆ ಇತ್ತು. ಅಂಗಡಿಯವನು ಒಂದು ತಾಸಿನಲ್ಲಿ ಮುಗಿಯುತ್ತದೆ ಅಂದಾಗ ಸಿಟ್ಟು ಬಂದದ್ದು ಅದಕ್ಕೇ.

ಈ ನಡುವೆ ಬಬಲೇಶ್ವರದಲ್ಲಿ ನಮ್ಮವರ ಅಕ್ಕನ ಮನೆಯ ಕಡೆ ಒಂದು ಮದುವೆ ಬಂತು. ಹೋಗದಿದ್ದರೆ ಮಾತು ಬರುತ್ತದೆ, ಹೋದೆ. ಹಂದರದಲ್ಲಿ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತೆ. ಭಟ್ಟರು ಮಂಗಳಾಷ್ಟಕ ಶುರು ಮಾಡುವ ಹೊತ್ತಿಗೆ ಒಬ್ಬಳು ಹರಿವಾಣ ಹಿಡಿದು ಕಾಳು ಹಂಚುತ್ತ ಬಂದಳು. ನನ್ನ ಎಡಗಡೆಯವಳಿಗೆ ಕೊಟ್ಟಳು. ನಾನು ಅಂಗೈ ಚಾಚಿದ್ದೆ. ಹರಿವಾಣ ನನ್ನನ್ನು ದಾಟಿ ಬಲಗಡೆಯವಳ ಮುಂದೆ ನಿಂತಿತು. ಆ ಹುಡುಗಿಗೆ ನನ್ನ ಮೇಲೆ ಏನು ಹಗೆ, ಹೇಳಿಕೊಟ್ಟಷ್ಟು ಮಾಡಿದಳು. ಚಾಚಿದ ಕೈಯನ್ನು ಏನು ಮಾಡಬೇಕು ತಿಳಿಯದೆ ಸೆರಗು ಸರಿ ಮಾಡಿಕೊಂಡೆ. ಆಮೇಲೆ ಎದ್ದು ಹಿತ್ತಲ ಕಡೆ, ಹುಗ್ಗಿ ತಿರುವುವವರ ಹತ್ತಿರ ಹೋಗಿ ಕೂತೆ.

ನಮ್ಮವರ ಅಕ್ಕ ಹಿಂದೆಯೇ ಬಂದರು. "ಮನಸಿಗಿ ಹಚ್ಕೋಬ್ಯಾಡವಾ. ಮಂದಿ ಬಾಯಿಗಿ ಅಂಜಬೇಕಾಗತೈತಿ," ಅಂದರು. ಹೂಂ ಅಂದೆ. ಇದೇ ಮನೆಯ ಎಷ್ಟು ಮದುವೆಗಳ ಅಕ್ಕಿಕಾಳನ್ನು ನಾನು ಒಂದೊಂದೇ ದೃಶ್ಯ ಜೋಡಿಸಿ ಚಂದ ಮಾಡಿ ಕೊಟ್ಟಿಲ್ಲ! ಬಹಳ ನೋವಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತೆ, ಅವರು ಹೋದ ದಿನ ಕೂಡ ಹಾಗೆ ಅತ್ತಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ತಿಕೋಟಾದ ಮದುಮಗಳ ತಾಯಿ ಮನೆಗೆ ಬಂದಳು. ನನ್ನ ವಯಸ್ಸಿನವಳೇ. ಖಾಲಿ ಹಣೆ. ಗಂಡ ತೀರಿಕೊಂಡ ಮೇಲೆ ಮಣೂಕದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಮಾಡಿ ಮಗಳನ್ನು ಬೆಳೆಸಿದವಳು. ಒಂದು ಚೀಲ ಮಣೂಕ ತಂದಿದ್ದಳು. ಕುರ್ಚಿ ತೋರಿಸಿದರೂ ಹೊಸ್ತಿಲ ಹತ್ತಿರ ನೆಲಕ್ಕೇ ಕೂತಳು.

"ನಿಮ್ಮ ಸುದ್ದಿ ಕೇಳಿ ಬಾಯಿ ಬಿಡಾಕ ಮನಸಾಗಲಿಲ್ಲ ಯಕ್ಕಾ. ಅದಕ್ಕ ಇಷ್ಟ ದಿನ ಬಂದಿಲ್ಲ," ಅಂದಳು. ಮಣೂಕದ ಚೀಲವನ್ನು ನನ್ನ ಕಡೆ ಸರಿಸಿ ಹೇಳಿದಳು. "ಪಂಚಮಿಗಿ ಮಗಳು ಬರ್ತಾಳ. ಅಳಿಯಂದು ಪುಣೇದಾಗ ಕೆಲಸ. ಹಬ್ಬ ಮುಗಿಸಿ ಹೋದ್ಲಂದ್ರ ಮತ್ತ ಯಾವಾಗೋ. ಅಷ್ಟರಾಗ ಆದ್ರ ಇಬ್ರೂ ಕೂಡಿ ನೋಡ್ತೇವಿ."

"ನೀವು ಮದವಿ ನೋಡೇ ಇರಬೇಕಲ್ಲ," ಅಂದೆ.

"ಎಲ್ಲಾ ನೋಡೇನಿ. ಅಕ್ಕಿಕಾಳ ನೋಡಿಲ್ಲ. ಅವಾಗ ನಾ ಅಡಗಿಮನ್ಯಾಗ ಇದ್ದೆ." ನನಗೆ ಬಬಲೇಶ್ವರದ ಹರಿವಾಣ ಕಣ್ಣ ಮುಂದೆ ಬಂತು. "ಮಗಳು ಮೊಬೈಲಿನ್ಯಾಗ ಫೋಟೊ ತೋರಿಸ್ಯಾಳ. ಫೋಟೊದಾಗ ಕಾಳು ಅಲ್ಲಲ್ಲೇ ನಿಂತಬಿಟ್ಟಾವ. ಬೀಳೂದ ನೋಡಬೇಕಂತ ಆಸೆ ಯಕ್ಕಾ."

ಮಾಡಿಕೊಡುತ್ತೇನೆ ಅಂದೆ. ಮರುದಿನ ಅಂಗಡಿಗೆ ಹೋಗಿ ಕಾರ್ಡ್ ಹಾಕಿಸಿದೆ. ಬಾಡಿಗೆಯ ಸಾಫ್ಟ್‌ವೇರ್ ಬೇಡವೆಂದೆ, ನಾನು ಜೋಡಿಸಿದ ಮದುವೆಯನ್ನು ನನಗೇ ತೋರಿಸದೆ ಬೀಗ ಹಾಕಿಕೊಳ್ಳುವ ವಸ್ತು ಮನೆಯೊಳಗೆ ಯಾಕೆ? ಪುಕ್ಕಟೆಯದನ್ನೇ ಹಾಕಿಸಿದೆ. ಅಂಗಡಿಯವನು ಸೆಟ್ಟಿಂಗಿನೊಳಗೆ ಹೋಗಿ ಒಂದು ಸಣ್ಣ ಚೌಕದಲ್ಲಿ ಟಿಕ್ ಮಾಡಿ, "ಇದ ನೋಡ್ರಿ ನಿಮ್ಮ ಎಕ್ಸಲೇಟರ್" ಅಂದ. ಹಳೆಯ ಸಾಫ್ಟ್‌ವೇರಿನಲ್ಲಿ ಮಾಡಿಟ್ಟ ಕೆಲಸ ಇದರಲ್ಲಿ ತೆರೆಯಲಿಲ್ಲ. ಮತ್ತೆ ಮೊದಲಿನಿಂದ ಜೋಡಿಸುತ್ತ ಬಂದೆ.

ಈಗ ಚೊಂಬಿನ ನೀರು ಗಾಳಿಯಲ್ಲಿ ನಿಲ್ಲಲಿಲ್ಲ, ಸಳಸಳ ಸುರಿಯಿತು. ಅವರ ಮಾತು ಮುಖಗಳ ಜೊತೆ ಜೊತೆಗೇ ನಡೆಯಿತು. ಇಷ್ಟು ದಿನ ಎಳೆದೆಳೆದು ಕೇಳಿದ್ದೆಲ್ಲ ಒಂದೇ ಬೆಳಗಿನಲ್ಲಿ ದಾಟಿ ಹೋಯಿತು. ನನ್ನ ಹೆದರಿಕೆ ನಿಜವೇ ಆಗುತ್ತಿತ್ತು. ಅಕ್ಕಿಕಾಳು ಬಂತು. ಸ್ತಬ್ಧವಾಗುತ್ತದೆಂದು ಅಭ್ಯಾಸದಿಂದ ಕಾದೆ. ಆಗಲಿಲ್ಲ, ಮುಂದೆ ಹೋಯಿತು. ನಾನು ಒಮ್ಮೆಯೂ ನೋಡಿರದ ಭಾಗ ಅದು.

ಭಟ್ಟರ ಧ್ವನಿ ಏರುತ್ತದೆ. ವಧು-ವರರ ನಡುವೆ ಅಂತಃಪಟ ಇದೆ. ಮೊದಲ ಕಾಳುಗಳು ಬೀಳತೊಡಗುತ್ತವೆ. ಆಗ, ಎಲ್ಲ ಬಿಟ್ಟು ಆಗಲೇ, ಕ್ಯಾಮೆರಾ ವಧು-ವರರನ್ನು ಬಿಟ್ಟು ಪಕ್ಕಕ್ಕೆ ತಿರುಗುತ್ತದೆ. ಮಂದಿಯ ಹೆಗಲು, ಹಂದರದ ಕಂಬ, ಆಮೇಲೆ ಅಡುಗೆಮನೆಯ ಬಾಗಿಲು. "ಅಯ್ಯ, ಏನ್ ಮಾಡಾಕತ್ತೀರಿ" ಎಂದು ನಾನು ಬಾಯಿಬಿಟ್ಟೇ ಅಂದೆ. ಒಂದೇ ಕ್ಯಾಮೆರಾದ ಮದುವೆ, ಆ ಗಳಿಗೆ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದವರು ಮಾಡುವ ತಪ್ಪಲ್ಲ ಅದು.

ಬಾಗಿಲಲ್ಲಿ ಆ ತಾಯಿ ನಿಂತಿದ್ದಳು, ಅರ್ಧ ಮೈ ಒಳಗೆ, ಅರ್ಧ ಹೊರಗೆ. ನಮ್ಮವರ ಧ್ವನಿ ಕೇಳಿಸಿತು. "ಯವ್ವಾ, ಹೊರಗ ಬರ್ರಿ. ನಿಮ್ಮ ಮಗಳ ಅಕ್ಕಿಕಾಳರಿ."

ಅವಳು ತಲೆ ಅಲ್ಲಾಡಿಸಿದಳು. ದೂರದಿಂದ ಯಾವನೋ ಗದರಿದ, "ಏ ವಿಡಿಯೊದವನ, ಇಲ್ಲಿ ಹಿಡಿಯೋ." "ಹಿಡೀತೇನ್ರಿ," ಅಂದರು ಇವರು, ತಿರುಗಲಿಲ್ಲ. ಮತ್ತೆ ಅವಳಿಗೆ ಸಣ್ಣ ದನಿಯಲ್ಲಿ ಹೇಳಿದರು. "ಬರೂದಿಲ್ಲಂದ್ರ ಬ್ಯಾಡ. ಅಲ್ಲೇ ನಿಂತ ಒಗೀರಿ. ನಾ ಅದೇನಿ."

ಅವಳ ಕೈಯಲ್ಲಿ ಕಾಳು ಎಲ್ಲಿಂದ ಬರಬೇಕು? ಹರಿವಾಣ ಅಡುಗೆಮನೆಗೆ ಹೋಗಿರಲಿಲ್ಲ. ಅವಳು ಹಿಂದೆ ತಿರುಗಿ, ಅನ್ನಕ್ಕೆಂದು ಆರಿಸಿಟ್ಟ ಮೊರದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಅಕ್ಕಿ. ಅರಿಶಿನ ಹತ್ತದ ಬಿಳಿ ಅಕ್ಕಿ. ಹಂದರದಲ್ಲಿದ್ದವರೆಲ್ಲ ಅಕ್ಕಿಕಾಳು ಎಂದು ಜೋಳ ಒಗೆಯುತ್ತಿದ್ದರು, ಅಕ್ಕಿ ಒಗೆದವಳು ಇವಳೊಬ್ಬಳು. ಮಗಳ ತನಕ ಅದು ಮುಟ್ಟಲಿಲ್ಲ. ಹೊಸ್ತಿಲಾಚೆ ಒಂದು ಮಾರು ದೂರಕ್ಕೆ ಬಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಸರಿದಳು. ಕ್ಯಾಮೆರಾ ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದು, ಮಂದಿ ಊಟದ ಕಡೆ ಏಳುತ್ತಿದ್ದರು.

ನಾನು ಅದನ್ನು ಎಷ್ಟು ಸಲ ನೋಡಿದೆನೋ. ನಾ ಅದೇನಿ, ನಾ ಅದೇನಿ. ಇದ್ದೇನೆ ಎಂದವರು ಎಲ್ಲಿದ್ದೀರಿ ಎಂದು ಜಗಳ ಆಡಬೇಕೆನಿಸಿತು. ಬಬಲೇಶ್ವರದಲ್ಲಿ ನನ್ನ ಅಂಗೈ ಖಾಲಿ ಉಳಿದಾಗ ನೀವು ಎಲ್ಲಿದ್ದಿರಿ?

ಅಳು ನಿಂತ ಮೇಲೆ ಕೆಲಸದ ಬುದ್ಧಿ ಬಂತು. ಇದನ್ನು ಹೀಗೇ ಕೊಟ್ಟರೆ ಮದುಮಗಳು ಏನೆಂದಾಳು? ಅವಳ ಮದುವೆ, ಅವಳ ಅಕ್ಕಿಕಾಳು, ಅದರಲ್ಲಿ ಅವಳೇ ಇಲ್ಲ. ಫೋಟೊಗ್ರಾಫರ್ ತೆಗೆದ ಚಿತ್ರಗಳನ್ನು ಅಲ್ಲಿ ಜೋಡಿಸಿ ಹಾಡು ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ತಾಯಿ ಕೇಳಿದ್ದೂ ಮಗಳ ಮೇಲೆ ಬೀಳುವ ಕಾಳನ್ನೇ. ಅದು ನನ್ನ ಹತ್ತಿರ ಇಲ್ಲವೇ ಇಲ್ಲ, ಇರುವುದು ಅವಳೇ ಒಗೆದದ್ದು. ಎರಡು ದಿನ ಹೊಯ್ದಾಡಿದೆ. ಕೊನೆಗೆ ಅವರು ತೆಗೆದಂತೆಯೇ ಇಟ್ಟೆ, ಮಾತು ಸಮೇತ. ಉಳಿದ ಕಡೆಯೆಲ್ಲ ಹಾಡು ಹಾಕಿ ಅವರ ಧ್ವನಿ ಅಳಿಸಿದೆ. ಈ ಸಲ ಬೆರಳು ಒತ್ತಿತು.

ಇನ್ನು ಎಲ್ಲ ಸೇರಿಸಿ ಒಂದು ಫೈಲು ಮಾಡುವುದಷ್ಟೇ ಉಳಿದಿತ್ತು. ಒಂದು ಕುಪ್ಪಸಕ್ಕೆ ಗುಂಡಿ ಹಚ್ಚುವಷ್ಟರಲ್ಲಿ ಅದೂ ಆಯಿತು. ಹಾಕಿ ನೋಡಿದೆ. ಅಡುಗೆಮನೆಯ ಬಾಗಿಲು ಬಂತು, ಅವಳು ಕೈ ಎತ್ತಿದಳು, ಒಗೆದಳು. ಅಕ್ಕಿ ಇಲ್ಲ. ಬಾಗಿಲ ಕತ್ತಲೆಯ ಮೇಲೆ ಮಸುಕು ಮಸುಕು ಚೌಕಗಳು ಕದಲಿದವು, ಅಷ್ಟೇ. ಬರಿಗೈ ಒಗೆದ ಹಾಗೆ ಕಾಣುತ್ತಿತ್ತು.

ಅಂಗಡಿಯವನಿಗೆ ಫೋನ್ ಮಾಡಿ ಬೈದೆ. ಪಾಪ, ಕೇಳಿಸಿಕೊಂಡ. "ಕಾರ್ಡ್ ಗಡಿಬಿಡಿ ಮಾಡ್ತೈತಿ ಅಕ್ಕಾರ. ಸಣ್ಣ ಸಣ್ಣವು ಒಮ್ಮೆಲೆ ಬಿದ್ರ ಎಲ್ಲಾ ಕೂಡಿಸಿ ಒರಸಿಬಿಡತೈತಿ. ನೋಡಾಕ ಅದು ಬೇಕು, ಕಡೀಕ ಫೈಲ್ ತಗಿಯೂ ಮುಂದ ಆ ಟಿಕ್ ತಗದಬಿಡ್ರಿ. ಭಾಳ ತಡಾ ಆಗತೈತಿ. ಆದ್ರ ಕಾಳು ಉಳೀತಾವ."

ಟಿಕ್ ತೆಗೆದೆ. ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ ಹಚ್ಚಿದ್ದು, ದೀಪ ಹಚ್ಚುವ ಹೊತ್ತಿಗೂ ನಡೆಯುತ್ತಲೇ ಇತ್ತು. ಹಸಿರು ಗೆರೆ ಇರುವೆ ಹರಿದಂತೆ ಹರಿಯುತ್ತಿತ್ತು. ಕರೆಂಟು ಹೋದೀತೆಂದು ಮನೆ ಬಿಟ್ಟು ಕದಲಲಿಲ್ಲ. ಅವಸರವಿಲ್ಲದೆ ಕೂತ ಕೊನೆಯ ದಿನ ಅದು. ಆದಾಗ ಹಾಕಿ ನೋಡಿದೆ, ಅಕ್ಕಿ ಬಿತ್ತು. ಬಿಳಿಯ ಒಂದೊಂದು ಕಾಳೂ ಬೇರೆ ಬೇರೆಯಾಗಿ.

ಪಂಚಮಿಯ ಮುನ್ನಾದಿನ ತಿಕೋಟಾಕ್ಕೆ ಹೋದೆ. ಮಗಳು ಬಂದಿದ್ದಳು. ಮನೆಯಲ್ಲಿ ಶೇಂಗಾ ಉಂಡಿಯ ವಾಸನೆ. ಟಿ.ವಿ.ಗೆ ಪೆನ್‌ಡ್ರೈವ್ ಚುಚ್ಚಿ ಮೂವರೂ ಕೂತೆವು. ಸುರಗಿಗೆ ಮಗಳು ನಕ್ಕಳು, ಮೆರವಣಿಗೆಯಲ್ಲಿ ಸೋದರಮಾವನ ಕುಣಿತಕ್ಕೆ ತಾಯಿಯೂ ನಕ್ಕಳು. ನಾನು ಉಂಡಿಯನ್ನು ತಟ್ಟೆಯಲ್ಲೇ ಬಿಟ್ಟೆ.

ಅಕ್ಕಿಕಾಳು ಬಂತು. ಕ್ಯಾಮೆರಾ ತಿರುಗಿದ ಕೂಡಲೇ ಮಗಳು, "ಯಕ್ಕಾರ, ಇದೇನ್ರಿ, ನನ್ನ ಅಕ್ಕಿಕಾಳ ಎಲ್ಲಿ?" ಅಂದಳು. ಸಿಟ್ಟಿನಲ್ಲೇ ಅಂದಳು, ಅವಳು ಅಂದದ್ದು ಸರಿಯೇ. ನಾನು ಉತ್ತರ ಕೊಡುವುದರೊಳಗೆ ಟಿ.ವಿ.ಯಿಂದ ನಮ್ಮವರು ಮಾತಾಡಿದರು. ಯವ್ವಾ, ಹೊರಗ ಬರ್ರಿ. ಮಗಳು ಟಿ.ವಿ.ಯ ಕಡೆ ತಿರುಗಿದಳು. ಅಕ್ಕಿ ಬಿದ್ದು ಮುಗಿಯುವವರೆಗೂ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, "ನನಗ ಯಾಕ ಹೇಳಲಿಲ್ಲ ನೀ?" ಎಂದು ಕೇಳಿದಳು. ತಾಯಿ, "ಏನ್ ಹೇಳೂದೈತಿ ಅದರಾಗ" ಅಂದಳು. ಮಗಳು ತಾಯಿಯ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಚಿತ್ರ ಮುಂದೆ ಓಡುತ್ತಿತ್ತು, ಊಟದ ಸಾಲು, ಹಾಡು. ತಾಯಿ ಅದನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಯಕ್ಕಾ, ಅವತ್ತ ಅವರ ಮಾರಿ ಮುಂದ ಕ್ಯಾಮೆರಾ ಇತ್ತು. ನಾ ಅವರನ್ನ ನೋಡಲಿಲ್ಲ. ಹೆಂಗಿದ್ರು ನಿಮ್ಮವರು?"

ನನ್ನ ಪರ್ಸಿನಲ್ಲಿ ಅವರದೊಂದು ಫೋಟೊ ಇತ್ತು, ಯಾವುದೋ ಅರ್ಜಿಗೆಂದು ತೆಗೆಸಿದ್ದು, ಬಿಗಿದ ಮುಖದ್ದು. ಅದನ್ನು ತೆಗೆಯಲಿಲ್ಲ. ಊರೂರ ಮದುವೆ ತೆಗೆದವರು, ಒಂದರಲ್ಲೂ ಅವರಿಲ್ಲ.

"ಆ ಮಾತಿನಂಗ ಇದ್ರು," ಅಂದೆ.

"ಹಂಗಾದ್ರ ಅದನ್ನ ಮತ್ತೊಮ್ಮೆ ಹಚ್ರಿ," ಅಂದಳು. ಹಚ್ಚಿದೆ.